ಮುಷ್ಟಿ ಸಡಿಲವಾಗುವ ಹೊತ್ತು

ಹಸಿದ ಕೂಸಿನ ಕೈಗಳು ಮುಷ್ಟಿ ಕಟ್ಟಿಕೊಂಡಿರುತ್ತವೆ. ಮೊಣಕೈ ಮಡಿಸಿ, ಮುಷ್ಟಿಯನ್ನು ಗಲ್ಲದ ಹತ್ತಿರ ತಂದುಕೊಂಡು, ಕೆಲವೊಮ್ಮೆ ಅದನ್ನೇ ಚೀಪುತ್ತಾ ಮಗು ಹಾಲಿಗಾಗಿ ತಡಕಾಡುತ್ತದೆ. ಹೊಟ್ಟೆ ತುಂಬುತ್ತಾ ಬಂದಂತೆ ಬೆರಳುಗಳು ಒಂದೊಂದಾಗಿ ಸಡಿಲಗೊಂಡು, ಅಂಗೈ ತೆರೆದುಕೊಂಡು, ಕೊನೆಗೆ ತೋಳು ಇಡಿಯಾಗಿ ತಾಯಿಯ ಮೈಮೇಲೆ ಜೋತುಬೀಳುತ್ತದೆ. ಇದನ್ನು ನಾನು ಮೊದಲ ಸಲ ಗಮನಿಸಿದ್ದು ನನ್ನ ಮಗಳು ಹುಟ್ಟಿ ಹನ್ನೊಂದು ವಾರಗಳಾದ ಮೇಲೆ. ದಿನಕ್ಕೆ ಎಂಟು ಸಲದ ಲೆಕ್ಕ ಹಿಡಿದರೆ, ಅಷ್ಟು ಹೊತ್ತಿಗೆ ಅವಳಿಗೆ ಆರುನೂರಕ್ಕೂ ಹೆಚ್ಚು ಬಾರಿ ಹಾಲುಣಿಸಿ ಆಗಿತ್ತು. ಅಷ್ಟೂ ಸಲ ನನ್ನ ಕಣ್ಣು ಗಡಿಯಾರದ ಮೇಲಿತ್ತು, ಬಾಟಲಿಯ ಗೆರೆಗಳ ಮೇಲಿತ್ತು, ಹಾಸಿಗೆಯ ಪಕ್ಕದಲ್ಲಿ ಸದಾ ತೆರೆದೇ ಇರುತ್ತಿದ್ದ ಒಂದು ನೋಟ್‌ಬುಕ್ಕಿನ ಮೇಲಿತ್ತು.

ಆ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಗೆರೆ ಎಳೆದು ಆರು ಕಂಬಸಾಲು ಮಾಡಿಕೊಂಡಿದ್ದೆ: ಹೊತ್ತು, ಎಡವೋ ಬಲವೋ, ಎಷ್ಟು ನಿಮಿಷ, ಬಾಟಲಿಯಲ್ಲಿ ಎಷ್ಟು ಮಿಲಿಲೀಟರ್, ಉಚ್ಚೆ, ತೂಕ. ಈಗ ತೆಗೆದು ನೋಡಿದರೆ ಅದರಲ್ಲಿ ಮಗಳ ಬಗ್ಗೆ ಎಲ್ಲವೂ ಇದೆ, ಮಗಳು ಮಾತ್ರ ಇಲ್ಲ. ಅವಳು ಮೊದಲ ಸಲ ನಕ್ಕದ್ದು ಯಾವ ದಿನ ಎಂದು ಆ ಪುಟಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಆ ವಾರದಲ್ಲಿ ಅವಳ ತೂಕ 160 ಗ್ರಾಂ ಏರಿದ್ದು ಮಾತ್ರ ಕೆಂಪು ಶಾಯಿಯಲ್ಲಿದೆ.

ಮಗಳು ಹುಟ್ಟಿದ್ದು 36ನೇ ವಾರದಲ್ಲಿ, ಸಿಸೇರಿಯನ್ ಆಗಿ. ಹುಟ್ಟುತೂಕ 2,400 ಗ್ರಾಂ. ನಾಲ್ಕನೆಯ ದಿನ ತಕ್ಕಡಿ ತೋರಿಸಿದ್ದು 2,180. ಹುಟ್ಟಿದ ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಶಿಶುಗಳೂ ಕೊಂಚ ತೂಕ ಕಳೆದುಕೊಳ್ಳುತ್ತವೆ, ಶೇ. 7ರವರೆಗೆ ಇಳಿಯುವುದು ಸಾಮಾನ್ಯ, ಶೇ. 10ರ ಹತ್ತಿರ ಹೋದರೆ ಹಾಲುಣಿಸುವ ಕ್ರಮವನ್ನು ವೈದ್ಯರು ಹತ್ತಿರದಿಂದ ಪರೀಕ್ಷಿಸುತ್ತಾರೆ ಎಂಬುದೆಲ್ಲ ನನಗೆ ಆಮೇಲೆ ತಿಳಿಯಿತು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಂದಕ್ಕೊಂದು ಹೊಂದಿಸಿಕೊಳ್ಳುವ ಶಕ್ತಿ ಗರ್ಭದಲ್ಲಿ ಸುಮಾರು 34 ವಾರಗಳ ಹೊತ್ತಿಗೆ ಕೂಡಿಬರತೊಡಗುತ್ತದೆ. ಆದರೆ ಹೊಟ್ಟೆ ತುಂಬುವವರೆಗೂ ಎಚ್ಚರವಾಗಿದ್ದು ಆ ಕೆಲಸವನ್ನು ಮುಂದುವರಿಸುವ ಕಸುವು ಬರುವುದು ಇನ್ನೂ ತಡವಾಗಿ. ಹಾಗಾಗಿ ಒಂದು ತಿಂಗಳು ಮುಂಚೆ ಹುಟ್ಟಿದ ಮಕ್ಕಳು ನೋಡಲು ಪುಟ್ಟದಾಗಿ ಆರೋಗ್ಯವಾಗಿಯೇ ಕಂಡರೂ, ಐದು ನಿಮಿಷ ಚೀಪಿ ದಣಿದು ನಿದ್ದೆಹೋಗುತ್ತವೆ. ನನ್ನ ಮಗಳು ಮಾಡುತ್ತಿದ್ದದ್ದೂ ಅದನ್ನೇ. ಹೊಟ್ಟೆ ತುಂಬಿ ಮಲಗಿದ ಮಗುವಿಗೂ ದಣಿದು ಮಲಗಿದ ಮಗುವಿಗೂ ಇರುವ ವ್ಯತ್ಯಾಸವನ್ನು ಹೊಸ ತಾಯಿ ಹೇಗೆ ಕಂಡುಹಿಡಿಯಬೇಕು? ನಾನಂತೂ ಅವಳು ಮಲಗಿದಾಗಲೆಲ್ಲ ನೆಮ್ಮದಿಪಟ್ಟೆ. ಅದೇ ನೆಮ್ಮದಿ ತಕ್ಕಡಿಯ ಮುಂದೆ ನಿಂತಾಗ ಅಪರಾಧವಾಗಿ ಮರಳಿತು.

ಹಾಲಿನ ಕಥೆಯೂ ಹಾಗೆಯೇ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ತಾಯಿಯ ದೇಹದಲ್ಲಿ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಪ್ರಮಾಣ ಇಳಿಯುತ್ತದೆ, ಆ ಇಳಿತವೇ ಹಾಲು ಹೆಚ್ಚಲು ಕೊಡುವ ಸೂಚನೆ. ಮೊದಲಿಗೆ ಬರುವ ಹಳದಿ ಬಣ್ಣದ ಮಂದ ಹಾಲು ಚಮಚಗಳ ಲೆಕ್ಕದಲ್ಲಷ್ಟೇ ಇರುತ್ತದೆ, ಮೊದಲ ದಿನದ ಕೂಸಿಗೆ ಬೇಕಾದದ್ದೂ ಅಷ್ಟೇ. ಎರಡರಿಂದ ಐದನೆಯ ದಿನದೊಳಗೆ ಎದೆ ತುಂಬಿಬರುತ್ತದೆ. ಸಿಸೇರಿಯನ್ ಆದವರಲ್ಲಿ, ತುಂಬಾ ರಕ್ತ ಹೋದವರಲ್ಲಿ, ಮಧುಮೇಹ ಇರುವವರಲ್ಲಿ ಅದು ಇನ್ನಷ್ಟು ತಡವಾಗಬಹುದು. ಇದು ಶರೀರದ ವ್ಯವಹಾರ, ಇದರಲ್ಲಿ ತಾಯಿಯ ಪ್ರೀತಿಯ ಪರೀಕ್ಷೆ ಏನೂ ಇಲ್ಲ. ಆದರೆ ನೋಡಲು ಬಂದ ಒಬ್ಬೊಬ್ಬರೂ ದನಿ ತಗ್ಗಿಸಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಹಾಲು ಇಳಿಯಿತಾ?’ ಕೇಳಿದವರ ಮನಸ್ಸಿನಲ್ಲಿ ಕಾಳಜಿಯೇ ಇತ್ತು. ನನ್ನ ಕಿವಿಗೆ ಮಾತ್ರ ಅದು ‘ನೀನು ತಾಯಿಯಾದೆಯಾ?’ ಎಂದು ಕೇಳಿಸುತ್ತಿತ್ತು.

ಆಸ್ಪತ್ರೆಯಲ್ಲಿ ಮೂರನೆಯ ದಿನ ನಡೆದ ಒಂದು ಪ್ರಸಂಗವನ್ನು ಬರೆಯಲೇಬೇಕು. ಕೈತುಂಬ ಕೆಲಸವಿದ್ದ ಒಬ್ಬ ದಾದಿ ಬಂದು, ನನ್ನನ್ನು ಒಂದು ಮಾತೂ ಕೇಳದೆ ಒಂದು ಕೈಯಲ್ಲಿ ನನ್ನ ಎದೆಯನ್ನೂ ಇನ್ನೊಂದು ಕೈಯಲ್ಲಿ ಮಗುವಿನ ಹಿಂದಲೆಯನ್ನೂ ಹಿಡಿದು ಎರಡನ್ನೂ ಒಟ್ಟಿಗೆ ಒತ್ತಿದರು. ಹಿಂದಲೆಯನ್ನು ಒತ್ತಿದರೆ ಶಿಶು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ ಬಿಲ್ಲಿನಂತೆ ಸೆಟೆಯುವುದು ಸಹಜ, ಮೂಗು ಮುಚ್ಚಿಹೋಗುವ ಭಯವೂ ಅದಕ್ಕಿರುತ್ತದೆ. ಮಗಳು ಸೆಟೆದು ಕಿರುಚಿದಳು. ಮೂರು ಸಲ ಹೀಗಾದ ಮೇಲೆ ದಾದಿ ‘ಮಗುವಿಗೆ ಬೇಡವಂತೆ’ ಎಂದು ಹೇಳಿ ಹೊರಟುಹೋದರು. ಅವರು ಹೇಳಿದ್ದು ಹಾಲಿನ ಬಗ್ಗೆ. ನನ್ನೊಳಗೆ ಹೋಗಿ ಕುಳಿತದ್ದು ಬೇರೆಯೇ ಅರ್ಥ: ಮಗುವಿಗೆ ನಾನು ಬೇಡ. ತಾಯಿ ಮಗುವಿನ ನಡುವಿನ ಮೊದಲ ಮಾತುಕತೆಗೆ ಮೂರನೆಯವರು ಹೀಗೆ ತಪ್ಪು ಅರ್ಥ ಹೇಳಿಬಿಟ್ಟರೆ ಅದನ್ನು ಅಳಿಸಲು ಎಷ್ಟು ದಿನ ಬೇಕಾಗುತ್ತದೆ ಎಂಬುದು ಆ ದಿನ ನಮಗಿಬ್ಬರಿಗೂ ತಿಳಿದಿರಲಿಲ್ಲ.

ಮನೆಗೆ ಬಂದಾಗ ನಮ್ಮ ಕೈಯಲ್ಲೊಂದು ವೇಳಾಪಟ್ಟಿ ಇತ್ತು. ಮೂರು ಗಂಟೆಗೊಮ್ಮೆ ಮೊದಲು ಎದೆಗೆ ಹಿಡಿಯಬೇಕು, ಆಮೇಲೆ ಬಾಟಲಿಯಲ್ಲಿ ಮೇಲುಹಾಲು ಕೊಡಬೇಕು, ಆಮೇಲೆ ಪಂಪ್ ಹಿಡಿದು ಮುಂದಿನ ಸರದಿಗೆ ಹಾಲು ತೆಗೆದಿಡಬೇಕು, ಬಾಟಲಿ ತೊಳೆದು ಕುದಿಸಿಡಬೇಕು. ಒಂದು ಸುತ್ತು ಮುಗಿಯಲು ಎರಡು ಗಂಟೆ ಹಿಡಿಯುತ್ತಿತ್ತು, ಉಳಿದ ಒಂದು ಗಂಟೆ ನನ್ನ ನಿದ್ದೆಗೆ. ತೂಕ ಬೀಳುತ್ತಿರುವ ಮಗುವಿಗೆ ಈ ಕ್ರಮ ಕೆಲವು ದಿನ ಬೇಕಾಗಬಹುದು ಎಂಬುದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಎಂದು ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ವಾರಗಟ್ಟಲೆ ಅದೇ ನಡೆಯಿತು. ಅತ್ತ ತೊಟ್ಟಿಲಲ್ಲಿ ಮಗಳು ಅಳುತ್ತಿದ್ದರೆ ಇತ್ತ ನಾನು ಪಂಪಿಗೆ ಎದೆಯೊಡ್ಡಿ ಕುಳಿತಿರುತ್ತಿದ್ದೆ. ಅವಳಿಗಾಗಿಯೇ ಹಾಲು ತೆಗೆಯುತ್ತಾ, ಅವಳನ್ನೇ ಎತ್ತಿಕೊಳ್ಳಲಾಗದೆ. ಎದೆಯಲ್ಲಿ ಇರುವ ಹಾಲು ಹರಿದು ಬರಬೇಕಾದರೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ನೋವು, ಭಯ, ಆತಂಕಗಳು ಅದನ್ನು ತಡೆಹಿಡಿಯುತ್ತವೆ. ಪಂಪಿನ ಬಾಟಲಿಯನ್ನು ದಿಟ್ಟಿಸಿ ನೋಡುತ್ತಿರುವಷ್ಟು ಹೊತ್ತು ತೊಟ್ಟು ತೊಟ್ಟಾಗಿ ಬರುತ್ತಿದ್ದ ಹಾಲು, ಪಂಪ್ ಕಳಚಿಟ್ಟು ಮಗಳನ್ನು ಎತ್ತಿಕೊಂಡ ಕೂಡಲೇ ರವಿಕೆ ತೋಯುವಂತೆ ಸೋರುತ್ತಿತ್ತು. ದೇಹ ಇಷ್ಟು ಸ್ಪಷ್ಟವಾಗಿ ಹೇಳುತ್ತಿದ್ದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಸೋರಿಹೋದ ಹಾಲನ್ನು ಅಳೆಯಲಾಗಲಿಲ್ಲವಲ್ಲ ಎಂದು ಮರುಗಿದೆ.

ಪುಡಿಹಾಲಿನ ಡಬ್ಬಿಯನ್ನು ನಾನು ಕಪಾಟಿನ ಹಿಂಬದಿಯಲ್ಲಿ ಇಡುತ್ತಿದ್ದೆ. ನಮ್ಮ ಭಾಷೆಯಲ್ಲಿ ತಾಯ್ತನವನ್ನೂ ಎದೆಹಾಲನ್ನೂ ಬೇರ್ಪಡಿಸುವುದು ಕಷ್ಟ. ಋಣವೆಂದರೂ ಹಾಲಿನ ಋಣ, ತಾಯಿ ಎಂದರೂ ಹಾಲುಣಿಸಿದವಳು. ಎದೆಹಾಲಿನ ಹಿರಿಮೆಯ ಬಗ್ಗೆ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಇತರ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಗಟ್ಟಿಯಾದ ಆಧಾರಗಳಿವೆ. ಪುಡಿಹಾಲಿನ ಮಾರಾಟಕ್ಕೆ ಕಡಿವಾಣ ಹಾಕಲು 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆಯೊಂದು ಬಂದದ್ದೂ ಸರಿಯೇ, ತಾಯಂದಿರ ಆತಂಕವನ್ನು ಬಂಡವಾಳ ಮಾಡಿಕೊಳ್ಳುವ ಪ್ರಚಾರವನ್ನು ತಡೆಯಲೇಬೇಕಿತ್ತು. ಆದರೆ ಆ ಸಂಹಿತೆಯ ಕಟ್ಟುಪಾಡು ಮಾರುವವರಿಗೆ. ಅದನ್ನು ತಾಯಿಯ ಮೇಲೆ ಹೊರಿಸಿ, ಮಗುವಿಗೆ ಅಗತ್ಯವಿರುವಾಗ ಕೊಡುವ ಒಂದು ಬಾಟಲಿಯನ್ನೂ ಅಪರಾಧವೆಂಬಂತೆ ನೋಡಿದರೆ ನಷ್ಟವಾಗುವುದು ಮಗುವಿಗೇ. ಬಾಟಲಿ ಹಿಡಿದಾಗ ನಾನು ಮಗಳ ಮುಖ ನೋಡುತ್ತಿರಲಿಲ್ಲ. ನಾಚಿಕೆಯಿಂದ ಗೋಡೆ ನೋಡುತ್ತಿದ್ದೆ. ಹುಟ್ಟಿದ ಮಗುವಿನ ಕಣ್ಣಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ, ಮಡಿಲಲ್ಲಿ ಮಲಗಿ ಹಾಲು ಕುಡಿಯುವ ಮಗುವಿಗೂ ತಾಯಿಯ ಮುಖಕ್ಕೂ ಹೆಚ್ಚುಕಡಿಮೆ ಇರುವ ದೂರ ಅಷ್ಟೇ. ಅಷ್ಟು ಹತ್ತಿರದಲ್ಲಿ ಅವಳಿಗೆ ಸಿಗುತ್ತಿದ್ದದ್ದು ಬೇರೆಡೆಗೆ ತಿರುಗಿದ ಒಂದು ಕೆನ್ನೆ.

ಎಂಟನೆಯ ವಾರದ ಹೊತ್ತಿಗೆ ತೂಕ ಸರಿಹೋಗಿತ್ತು. ಹೊಸ ತೊಂದರೆ ಆರಂಭವಾದದ್ದು ಆಗಲೇ. ಹಾಲುಣಿಸುವ ಭಂಗಿಯಲ್ಲಿ ಮಡಿಲಲ್ಲಿ ಮಲಗಿಸಿದ ತಕ್ಷಣ ಮಗಳು ಅಳತೊಡಗುತ್ತಿದ್ದಳು. ಎದೆಯಾದರೂ ಸರಿ, ಬಾಟಲಿಯಾದರೂ ಸರಿ, ಎರಡು ಗುಟುಕು ಕುಡಿದು ಮುಖ ಹೊರಳಿಸುತ್ತಿದ್ದಳು. ಅರೆನಿದ್ದೆಯಲ್ಲಿ ಕೊಟ್ಟರೆ ಮಾತ್ರ ಪೂರ್ತಿ ಕುಡಿಯುತ್ತಿದ್ದಳು. ವೈದ್ಯರು ನಾಲಿಗೆಯ ಕೆಳಗಿನ ಪೊರೆ, ಹಾಲು ಮೇಲೆ ಉಕ್ಕುವ ತೊಂದರೆ, ಹಸುವಿನ ಹಾಲಿನ ಪ್ರೋಟೀನಿಗೆ ಅಲರ್ಜಿ ಎಲ್ಲವನ್ನೂ ಪರಿಶೀಲಿಸಿ, ಯಾವುದೂ ಇಲ್ಲವೆಂದರು. ನಮ್ಮಮ್ಮ ಒಂದು ರಾತ್ರಿ ಅವಳನ್ನು ನನ್ನ ಕೈಯಿಂದ ತೆಗೆದುಕೊಂಡು, ‘ನೀನು ಸ್ವಲ್ಪ ಮಲಗೇ, ಇಬ್ಬರೂ ಅಳ್ತಾ ಕೂತರೆ ಹೇಗೆ?’ ಎಂದರು. ನಾನು ಅಳುತ್ತಿದ್ದೇನೆಂಬುದು ನನಗೆ ಗೊತ್ತಾದದ್ದು ಆಗ.

ಸ್ತನ್ಯಪಾನ ಸಲಹೆಗಾರ್ತಿಯೊಬ್ಬರು ಮನೆಗೆ ಬಂದದ್ದು ಆ ದಿನಗಳಲ್ಲಿ. ನೋಟ್‌ಬುಕ್ ಮುಂದಿಟ್ಟೆ. ಅವರು ಅದನ್ನು ಮುಚ್ಚಿ ಪಕ್ಕಕ್ಕಿಟ್ಟು, ‘ಒಂದು ಸಲ ಹಾಲು ಕೊಡಿ, ನಾನು ನೋಡುತ್ತೇನೆ’ ಎಂದರು. ಕಾಲು ಗಂಟೆ ಏನೂ ಮಾತನಾಡದೆ ನೋಡಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ಇಷ್ಟೇ: ‘ಅವಳು ಚೀಪುವುದನ್ನು ನಿಲ್ಲಿಸಿದಾಗ ನೀವೇನು ಮಾಡುತ್ತೀರಿ?’

ನಾನು ಮಾಡುತ್ತಿದ್ದದ್ದನ್ನೆಲ್ಲ ಹೇಳಿದೆ. ಅಂಗಾಲು ಕೆರೆಯುತ್ತಿದ್ದೆ, ಗಲ್ಲ ಒತ್ತುತ್ತಿದ್ದೆ, ಬಾಟಲಿಯ ತೊಟ್ಟನ್ನು ಬಾಯೊಳಗೆ ತಿರುಗಿಸುತ್ತಿದ್ದೆ, ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತಿದ್ದೆ. ಮೊದಲ ವಾರ, ನಿದ್ದೆಗಣ್ಣಿನ ಮಗುವನ್ನು ಎಚ್ಚರವಾಗಿಡಲು ಹೇಳಿಕೊಟ್ಟ ಉಪಾಯಗಳವು. ಎಚ್ಚರವಾಗಿ, ಕಣ್ಣು ಬಿಟ್ಟುಕೊಂಡು, ಸಾಕಷ್ಟು ತೂಕವಿರುವ ಎರಡು ತಿಂಗಳ ಮಗುವಿಗೂ ನಾನು ಅದನ್ನೇ ಮಾಡುತ್ತಿದ್ದೆ. ಅವಳು ನಿಲ್ಲಿಸಿದ ಪ್ರತಿ ಸಲವೂ ನನಗದು ನಿರಾಕರಣೆಯಾಗಿ ಕಾಣುತ್ತಿತ್ತು. ಸಲಹೆಗಾರ್ತಿ ಹೇಳಿದರು: ‘ಅದು ವಿರಾಮ. ಅವಳು ಉಸಿರು ತೆಗೆದುಕೊಳ್ಳುತ್ತಿದ್ದಾಳೆ. ನಿಮ್ಮ ಕಡೆ ನೋಡುತ್ತಿದ್ದಾಳೆ.’

ಆ ವಿರಾಮದ ಬಗ್ಗೆ ಮುಂದೆ ಓದುತ್ತಾ ಹೋದಾಗ ನನಗೆ ಸಿಕ್ಕಿದ್ದು, ಅಮೆರಿಕದ ಕೆನೆತ್ ಕೇ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಶಿಶುವೈದ್ಯ ಬೆರಿ ಬ್ರೇಜಲ್ಟನ್ ಅವರ ಜೊತೆಗೂಡಿ ಆರಂಭಿಸಿದ ಅಧ್ಯಯನಗಳು. ಮಾನವ ಶಿಶು ಒಂದಷ್ಟು ಸಲ ಚೀಪುತ್ತದೆ, ನಿಲ್ಲಿಸುತ್ತದೆ, ಮತ್ತೆ ಚೀಪುತ್ತದೆ. ನಿಲ್ಲಿಸಿದಾಗ ತಾಯಂದಿರು ತಮಗರಿವಿಲ್ಲದೆಯೇ ಮಗುವನ್ನು ಮೆಲ್ಲಗೆ ಅಲುಗಿಸುತ್ತಾರೆ. ಅಲುಗಿಸಿದ್ದರಿಂದ ಮಗು ಮತ್ತೆ ಚೀಪತೊಡಗುತ್ತದೆ ಎಂದು ತಾಯಂದಿರ ನಂಬಿಕೆ. ಕೇ ಅವರು ಸೆಕೆಂಡುಗಳ ಲೆಕ್ಕದಲ್ಲಿ ನೋಡಿ ಕಂಡುಕೊಂಡದ್ದು ಬೇರೆ: ಅಲುಗಿಸುತ್ತಿರುವಾಗ ಮಗು ಚೀಪುವುದಿಲ್ಲ, ಅಲುಗಿಸಿ ನಿಲ್ಲಿಸಿದ ಮೇಲೆ ಚೀಪುತ್ತದೆ. ಮೊದಲ ಎರಡು ವಾರಗಳಲ್ಲೇ ತಾಯಂದಿರು ಇದನ್ನು ಯಾರೂ ಹೇಳಿಕೊಡದೆ ಕಲಿತು, ಅಲುಗಿಸುವ ಅವಧಿಯನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಆಡುವಂತೆ, ಇಬ್ಬರೂ ಸರದಿಯಲ್ಲಿ ನಡೆಸುವ ಮೊದಲ ಸಂಭಾಷಣೆ ಅದು. ನಾನು ಆ ಸಂಭಾಷಣೆಯಲ್ಲಿ ನನ್ನ ಸರದಿಯನ್ನು ಬಿಟ್ಟುಕೊಡುತ್ತಲೇ ಇರಲಿಲ್ಲ. ಅವಳು ಬಾಯಿ ತೆರೆಯುವ ಮುನ್ನವೇ ಮತ್ತೆ ಮತ್ತೆ ನಾನೇ ಮಾತನಾಡುತ್ತಿದ್ದೆ, ಉತ್ತರ ಬರಲಿಲ್ಲವೆಂದು ದನಿಯನ್ನೂ ಏರಿಸುತ್ತಿದ್ದೆ. ಮುಖ ಹೊರಳಿಸುವುದೊಂದೇ ಅವಳಿಗೆ ಉಳಿದಿದ್ದ ಮಾತು.

ಮಾರನೆಯ ದಿನದಿಂದ ಮಾಡಿದ್ದು ಬಹಳ ಸಣ್ಣ ಬದಲಾವಣೆಗಳು. ಅವಳು ನಿಲ್ಲಿಸಿದರೆ ನಾನೂ ನಿಲ್ಲಿಸಿದೆ. ಬಾಟಲಿಯನ್ನು ನೆಟ್ಟಗೆ ಮೇಲೆತ್ತಿ ಸುರಿಯುವುದನ್ನು ಬಿಟ್ಟು, ಅವಳನ್ನು ಕೊಂಚ ಕುಳಿತಂತೆ ಹಿಡಿದು, ಬಾಟಲಿಯನ್ನು ಅಡ್ಡವಾಗಿ ಹಿಡಿದೆ. ಆಗ ಹಾಲು ತಾನಾಗಿ ಗಂಟಲಿಗೆ ಇಳಿಯುವುದಿಲ್ಲ, ಅವಳು ಬೇಕೆಂದು ಚೀಪಿದಷ್ಟೇ ಬರುತ್ತದೆ. ಮುಖ ಹೊರಳಿಸಿದರೆ ತೊಟ್ಟನ್ನು ಹಿಂದೆಯೇ ಒಯ್ಯಲಿಲ್ಲ. ಹಾಲುಣಿಸುವ ಉದ್ದೇಶವೇ ಇಲ್ಲದೆ, ದಿನಕ್ಕೆ ಒಂದು ಹೊತ್ತು ಅವಳನ್ನು ಬರಿಮೈಯಲ್ಲಿ ನನ್ನೆದೆಯ ಮೇಲೆ ಮಲಗಿಸಿಕೊಂಡು ಸುಮ್ಮನಿದ್ದೆ. ಅತ್ತರೆ ಮಾತ್ರ ಹಾಲು ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ಅಳು ಹಸಿವಿನ ಕೊನೆಯ ಸೂಚನೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಅದಕ್ಕೆ ಮುಂಚೆ ಮಗು ತುಟಿ ಚಪ್ಪರಿಸುತ್ತದೆ, ತಲೆ ಅತ್ತಿತ್ತ ಹೊರಳಿಸಿ ಹುಡುಕುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ. ಅತ್ತು ಗಾಬರಿಯಾದ ಮಗುವಿಗೆ ಎದೆಯನ್ನು ಸರಿಯಾಗಿ ಹಿಡಿಯುವ ಸಮಾಧಾನವೇ ಉಳಿದಿರುವುದಿಲ್ಲ. ಮೂರು ಗಂಟೆ ಆಗಲೆಂದು ಕಾಯುತ್ತಾ ಈ ಸೂಚನೆಗಳನ್ನೆಲ್ಲ ನಾನು ದಾಟಿಹೋಗುತ್ತಿದ್ದೆ.

ಹನ್ನೊಂದನೆಯ ವಾರದ ಒಂದು ಮಧ್ಯಾಹ್ನ ಅವಳು ಹಾಲು ಕುಡಿಯುತ್ತಿದ್ದಾಗ ಅವಳ ಬಲಗೈ ನನ್ನ ಎದೆಯ ಮೇಲಿತ್ತು. ಹೆಬ್ಬೆರಳನ್ನು ಒಳಗಿಟ್ಟುಕೊಂಡ ಬಿಗಿಯಾದ ಮುಷ್ಟಿ, ಗೆಣ್ಣುಗಳೆಲ್ಲ ಬಿಳಿಚಿಕೊಂಡಿದ್ದವು. ಮೊದಲು ಕಿರುಬೆರಳು ಸಡಿಲವಾಯಿತು. ಅವಳು ಚೀಪುವುದನ್ನು ನಿಲ್ಲಿಸಿದಳು. ನಾನು ಅಲುಗದೆ ಕುಳಿತೆ. ಅವಳು ಕಣ್ಣೆತ್ತಿ ನೋಡಿದಳು, ಒಂದು ನಿಟ್ಟುಸಿರಿನಂಥ ಉಸಿರು ಬಿಟ್ಟಳು, ಮತ್ತೆ ಚೀಪತೊಡಗಿದಳು. ಉಂಗುರಬೆರಳು, ನಡುಬೆರಳು. ಹೆಬ್ಬೆರಳು ಹೊರಬಂದು ಅಂಗೈ ತೆರೆದಾಗ ಅದರ ನಡುವೆ ಬಟ್ಟೆಯ ಒಂದು ಎಳೆ ಬೆವರಿಗೆ ಅಂಟಿಕೊಂಡಿತ್ತು. ಎಷ್ಟು ಮಿಲಿಲೀಟರ್ ಕುಡಿದಳೆಂದು ಅಂದು ಬರೆದಿಲ್ಲ.

ಈ ಸಂಬಂಧ ಹಾಲಿನಿಂದ ಮಾತ್ರ ಹುಟ್ಟುತ್ತದೆ ಎಂಬ ನಂಬಿಕೆಯನ್ನು ಹ್ಯಾರಿ ಹಾರ್ಲೊ ಎಂಬ ವಿಜ್ಞಾನಿ 1950ರ ದಶಕದಲ್ಲೇ ಪ್ರಶ್ನಿಸಿದ್ದರು. ಅವರ ಕೋತಿಮರಿಗಳು, ಹಾಲು ಕೊಡುವ ತಂತಿಯ ಗೊಂಬೆಗಿಂತ ಹಾಲೇ ಕೊಡದ ಮೆತ್ತನೆಯ ಬಟ್ಟೆಯ ಗೊಂಬೆಗೆ ದಿನದ ಬಹುಪಾಲು ಅಂಟಿಕೊಂಡಿದ್ದವು. ತಾಯಿಯಿಂದ ಬೇರ್ಪಡಿಸಿದ ಆ ಮರಿಗಳ ಸಂಕಟವನ್ನು ನೆನೆದರೆ ಆ ಪ್ರಯೋಗವನ್ನು ಉದಾಹರಿಸಲು ನನಗೆ ಮುಜುಗರವಾಗುತ್ತದೆ. ನನ್ನನ್ನು ಹೆಚ್ಚು ತಟ್ಟಿದ್ದು ಎಡ್ವರ್ಡ್ ಟ್ರೋನಿಕ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ನಡೆಸಿದ ನಿಶ್ಚಲ ಮುಖದ ಪ್ರಯೋಗ. ಮಗುವಿನೊಡನೆ ನಗುತ್ತಾ ಆಡುತ್ತಿದ್ದ ತಾಯಿ, ಹೇಳಿದಂತೆ, ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಮಗುವನ್ನು ಸುಮ್ಮನೆ ನೋಡುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ದನಿ ಮಾಡುತ್ತದೆ, ಕೊನೆಗೆ ಸೋತು ಮುಖ ತಿರುಗಿಸುತ್ತದೆ. ನೋಟ್‌ಬುಕ್ಕಿನ ಮೇಲೆ ಬಾಗಿದ್ದ ನನ್ನ ಮುಖ ಹೇಗಿದ್ದಿರಬಹುದೆಂದು ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಟ್ರೋನಿಕ್ ಅವರ ಮುಂದಿನ ಕೆಲಸ ನನ್ನನ್ನು ಎತ್ತಿ ನಿಲ್ಲಿಸಿತು. ಆರೋಗ್ಯಕರವಾಗಿರುವ ತಾಯಿ ಮಗುವಿನ ನಡುವೆಯೂ ಹೆಚ್ಚಿನ ಹೊತ್ತು ತಾಳ ತಪ್ಪಿಯೇ ಇರುತ್ತದೆ, ತಪ್ಪಿದ ತಾಳವನ್ನು ಇಬ್ಬರೂ ಸೇರಿ ಮತ್ತೆ ಮತ್ತೆ ಸರಿಪಡಿಸಿಕೊಳ್ಳುವುದರಲ್ಲೇ ಮಗುವಿನ ನಂಬಿಕೆ ಬೆಳೆಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಹಾಗಾದರೆ ನಮ್ಮ ಹನ್ನೊಂದು ವಾರಗಳೂ ವ್ಯರ್ಥವಲ್ಲ.

ಸಲಹೆಗಾರ್ತಿ ಹೊರಡುವಾಗ ನನಗೆ ಇನ್ನೊಂದು ಕಾಗದ ಕೊಟ್ಟಿದ್ದರು. 1987ರಲ್ಲಿ ಎಡಿನ್‌ಬರೋದಲ್ಲಿ ರೂಪುಗೊಂಡ, ಹತ್ತು ಪ್ರಶ್ನೆಗಳ ಒಂದು ಪಟ್ಟಿ ಅದು. ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಅದನ್ನು ಹಲವು ದೇಶಗಳಲ್ಲಿ ಬಳಸುತ್ತಾರೆ. ಹೆರಿಗೆಯಾದ ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ನನ್ನದು ಎರಡು ತಿಂಗಳಾದರೂ ಇಳಿದಿರಲಿಲ್ಲ. ಮಗು ಹಾಲು ಕುಡಿಯದಿದ್ದರೆ ತಾಯಿ ಕುಗ್ಗುತ್ತಾಳೆ, ಕುಗ್ಗಿದ ತಾಯಿಗೆ ಮಗುವಿನ ಸೂಚನೆಗಳು ಕಾಣುವುದಿಲ್ಲ, ಸೂಚನೆ ಕಾಣದಿದ್ದರೆ ಹಾಲುಣಿಸುವುದು ಇನ್ನಷ್ಟು ಕಷ್ಟವಾಗುತ್ತದೆ. ಈ ಸುತ್ತನ್ನು ತಾಯಿ ಒಬ್ಬಳೇ ಕಡಿಯಲಾರಳು. ನನಗೆ ವೈದ್ಯರ ಚಿಕಿತ್ಸೆ ಬೇಕಾಯಿತು. ಹಾಲುಣಿಸುತ್ತಿರುವಾಗಲೂ ತೆಗೆದುಕೊಳ್ಳಬಹುದಾದ ಔಷಧಗಳಿವೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಹಾಲು ನಿಂತುಹೋಗಬಹುದೆಂಬ ಹೆದರಿಕೆಯಿಂದಲೇ ನಾನು ಮೂರು ವಾರ ಡಾಕ್ಟರ ಬಳಿ ಹೋಗಿರಲಿಲ್ಲ. ರಾತ್ರಿಯ ಒಂದು ಸರದಿಯನ್ನು ನನ್ನ ಗಂಡ ವಹಿಸಿಕೊಂಡರು. ಐದು ಗಂಟೆ ಒಂದೇ ಸಮನೆ ಮಲಗಿ ಎದ್ದ ಮೊದಲ ಬೆಳಗು, ಮಗಳ ಹುಬ್ಬುಗಳು ನಮ್ಮಮ್ಮನ ಹುಬ್ಬಿನಂತಿವೆ ಎಂದು ಕಂಡಿತು.

ಇದನ್ನು ಓದುತ್ತಿರುವ ಬಾಣಂತಿಯೊಬ್ಬಳು ಸುಮ್ಮನೆ ಕಾದರೆ ಸಾಕು ಎಂದು ತಿಳಿಯಬಾರದು. ಐದಾರು ದಿನಗಳಾದ ಮೇಲೂ ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡದ ಮಗು, ಎಬ್ಬಿಸಿದರೂ ಏಳದ ಮಗು, ಎರಡು ವಾರವಾದರೂ ಹುಟ್ಟುತೂಕಕ್ಕೆ ಮರಳದ ಮಗು, ನೆತ್ತಿ ಗುಳಿಬಿದ್ದ ಮಗು, ಹಾಲು ಕುಡಿಯುವಾಗ ಬೆವರುವ, ಏದುಸಿರು ಬಿಡುವ ಅಥವಾ ತುಟಿ ನೀಲಿಗಟ್ಟುವ ಮಗು, ಹಸಿರು ಬಣ್ಣದ ವಾಂತಿ ಮಾಡುವ ಮಗು, ಇವರನ್ನೆಲ್ಲ ತಡಮಾಡದೆ ವೈದ್ಯರಿಗೆ ತೋರಿಸಬೇಕು. ತಕ್ಕಡಿ ನಮ್ಮ ಶತ್ರುವಲ್ಲ. ಮೊದಲ ವಾರದಲ್ಲಿ ಅದು ನನ್ನ ಮಗಳನ್ನು ಕಾಪಾಡಿತು.

ಕೊನೆಗೂ ನನ್ನ ಎದೆಹಾಲು ಅವಳಿಗೆ ಪೂರ್ತಿ ಸಾಕಾಗಲಿಲ್ಲ. ಎದೆ, ಬಾಟಲಿ ಎರಡೂ ಒಂಬತ್ತು ತಿಂಗಳವರೆಗೆ ನಡೆದವು. ಡಬ್ಬಿ ಕಪಾಟಿನ ಮುಂಬದಿಗೆ ಬಂತು.

ಆರು ತಿಂಗಳು ತುಂಬಿದಾಗ ಮೊದಲ ಸಲ ಚಮಚದಲ್ಲಿ ಉಣಿಸಲು ಕುಳಿತೆ. ಅವಳು ಮೂರು ಚಮಚ ತಿಂದಳು. ನಾಲ್ಕನೆಯದಕ್ಕೆ ಬಾಯಿ ಮುಚ್ಚಿ ಮುಖ ಹೊರಳಿಸಿದಳು. ನನ್ನ ಕೈ ಚಮಚದೊಂದಿಗೆ ಅವಳ ಮುಖದ ಹಿಂದೆಯೇ ಅರ್ಧ ದಾರಿ ಹೋಗಿಬಿಟ್ಟಿತ್ತು. ಅಲ್ಲಿ ನಿಲ್ಲಿಸಿ, ಚಮಚವನ್ನು ಬಟ್ಟಲಿನಲ್ಲಿಟ್ಟೆ. ಅವಳು ಮೊದಲು ಚಮಚವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಅಂದು ಮತ್ತೆ ಬಾಯಿ ತೆರೆಯಲಿಲ್ಲ. ಬಟ್ಟಲಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅವಳನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ, ಒಂದೇ ಕೈಯಲ್ಲಿ ಬಟ್ಟಲು ತೊಳೆದಿಟ್ಟೆ.